ಅರಸನಿಗೆಂದು ಬಳಿದ ಕೆಂಪು

ಹೆಲ್ಸಿಂಕಿಯ ಕೆಲಸ ಶುಕ್ರವಾರ ಸಂಜೆಗೆ ಮುಗಿದಿತ್ತು. ಮರಳುವ ವಿಮಾನ ಭಾನುವಾರ ಮಧ್ಯಾಹ್ನಕ್ಕೆ. ನಡುವೆ ಸೆಪ್ಟೆಂಬರಿನ ಒಂದು ಶನಿವಾರ ಹೇಳುವವರು ಕೇಳುವವರು ಇಲ್ಲದೆ ಬಿದ್ದುಕೊಂಡಿತ್ತು. ಜೊತೆಗೆ ಬಂದಿದ್ದವರು ಬೆಳಗಾಗುತ್ತಲೇ ಟಾಲಿನ್‌ಗೆ ಹಡಗು ಹತ್ತಿದರು. ಎರಡು ಗಂಟೆ ಕೂತರೆ ಇನ್ನೊಂದು ದೇಶ ನೋಡಿದ ಲೆಕ್ಕ. ನನಗೆ ಲೆಕ್ಕ ಬೇಕಿರಲಿಲ್ಲ. ಐದು ದಿನ ಸಭೆಗಳಲ್ಲಿ ಕೂತು ಕಂಡಕಂಡವರ ಮಾತಿಗೆಲ್ಲ ತಲೆಯಾಡಿಸಿ ಕತ್ತು ನೋಯುತ್ತಿತ್ತು. ತಲೆಯಾಡಿಸುವ ಅಗತ್ಯವಿಲ್ಲದ ಊರೊಂದಿದ್ದರೆ ಸಾಕಿತ್ತು.

ಹೋಟೆಲಿನ ಮುಂಗಟ್ಟೆಯಲ್ಲಿದ್ದ ಹುಡುಗಿ ‘ಪೊರ್ವೋ’ ಎಂದಳು. ನಾನು ‘ಪೋರ್ವೊ’ ಎಂದೆ. ಅವಳು ನಕ್ಕು ತಿದ್ದಿದಳು: ಮೊದಲನೆಯದು ಹ್ರಸ್ವ, ಕೊನೆಯದು ದೀರ್ಘ. ಫಿನ್ನಿಶ್ ಭಾಷೆಯಲ್ಲಿ ದೀರ್ಘವೆಂದರೆ ಅಕ್ಷರವನ್ನು ಎರಡು ಸಲ ಬರೆಯುತ್ತಾರೆ, ಅಷ್ಟೇ. ಹ್ರಸ್ವ ದೀರ್ಘಗಳಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅವಳೇ ಉದಾಹರಣೆ ಕೊಟ್ಟಳು. ‘ತಪಾನ್’ ಎಂದರೆ ಭೇಟಿಯಾಗುತ್ತೇನೆ, ‘ತಪನ್’ ಎಂದರೆ ಕೊಲ್ಲುತ್ತೇನೆ. ನಾಳೆ ಸಿಗುತ್ತೇನೆ ಎನ್ನಲು ಹೋಗಿ ನಾಳೆ ನಿನ್ನನ್ನು ಮುಗಿಸುತ್ತೇನೆ ಎಂದುಬಿಡುವ ವಿದೇಶಿಯರು ಬಹಳ ಮಂದಿಯಂತೆ. ಬಳಿ, ಬಾಳಿ, ಬಳ್ಳಿ ಎಂದು ಬಾಯಿಪಾಠ ಮಾಡಿ ಬೆಳೆದ ನನಗೇ ಹೀಗಾಯಿತಲ್ಲ ಎಂದು ಸ್ವಲ್ಪ ನಾಚಿಕೆಯಾಯಿತು.

ಕಾಂಪಿ ನಿಲ್ದಾಣದ ನೆಲಮಾಳಿಗೆಯಿಂದ ಬಸ್ಸು. ಪೂರ್ವಕ್ಕೆ 50 ಕಿಲೋಮೀಟರು, ಒಂದು ಗಂಟೆ. ಹೊರಗೆ ಭೂರ್ಜ ಮರಗಳು ಹಳದಿಗೆ ತಿರುಗುತ್ತಿದ್ದವು. ನಾನು ಕಿಟಕಿಯ ಪಕ್ಕ ಕೂತು ಮೊಬೈಲಿನಲ್ಲಿ ಆ ಊರಿನ ಹೆಸರಿನ ವಿಭಕ್ತಿಗಳನ್ನು ನೋಡುತ್ತಿದ್ದೆ. ‘ಪೊರ್ವೋಸ್ಸ’ ಎಂದರೆ ಪೊರ್ವೋದಲ್ಲಿ. ‘ಪೊರ್ವೋಸ್ತ’, ಪೊರ್ವೋದಿಂದ. ‘ಪೊರ್ವೋಸೇನ್’, ಪೊರ್ವೋಗೆ. ಪ್ರತ್ಯಯಗಳನ್ನು ಹೆಸರಿನ ಬಾಲಕ್ಕೇ ಕಟ್ಟುವ ಜನ! ಇಂಗ್ಲಿಷಿನವರು ಹದಿನೈದು ವಿಭಕ್ತಿಗಳಿಗೆ ಹೆದರುತ್ತಾರಂತೆ. ನಮಗೆ ಎಂಟು ಅಭ್ಯಾಸವಿದೆ, ಇನ್ನೇಳು ತಾನೇ.

ಊರಿನ ಚೌಕದಲ್ಲಿ ಇಳಿದು ಮೊದಲು ಹೊಳೆಯ ಕಡೆಗೆ ಹೋದೆ. ಪೊರ್ವೋ ಎಂದರೆ ಎಲ್ಲರೂ ತೋರಿಸುವ ಒಂದೇ ಚಿತ್ರವಿದೆ: ಹೊಳೆಯ ಅಂಚಿಗೆ ಒತ್ತಿಕೊಂಡು ಸಾಲಾಗಿ ನಿಂತ ಕೆಂಪು ಮರದ ಕಟ್ಟಡಗಳು, ಅವುಗಳ ಕೆಂಪು ನೆರಳು ನೀರಿನಲ್ಲಿ. ಸೇತುವೆ ದಾಟಿ ಆಚೆ ದಡದಲ್ಲಿ ನಿಂತರೆ ಆ ಚಿತ್ರ ಇದ್ದ ಹಾಗೆಯೇ ಸಿಗುತ್ತದೆ. ಐದಾರು ಜನ ಅಲ್ಲಿ ನಿಂತು ಅದನ್ನೇ ತೆಗೆಯುತ್ತಿದ್ದರು. ನಾನೂ ತೆಗೆದೆ, ಯಾಕೆ ಸುಳ್ಳು ಹೇಳಬೇಕು.

ಆದರೆ ಅವು ಮನೆಗಳಲ್ಲ, ಗೋದಾಮುಗಳು. ದೋಣಿಗಳು ನೇರವಾಗಿ ಕೆಳಗೆ ಬಂದು ನಿಲ್ಲುತ್ತಿದ್ದವು. ದೂರದ ಬಂದರುಗಳಿಂದ ಬಂದ ಕಾಫಿ, ತಂಬಾಕು, ವೈನು ಮೇಲೇರುತ್ತಿತ್ತು. ಅಂದರೆ ಇದು ವ್ಯಾಪಾರದ ಹಿತ್ತಿಲು. ಊರಿನ ಮುಂಬಾಗಿಲು ಇನ್ನೆಲ್ಲೋ ಇತ್ತು. ಹೊಳೆಗೆ ತೋರಿಸುತ್ತಿದ್ದುದು ಬೆನ್ನು. ಆ ಬೆನ್ನಿಗೆ ಬಣ್ಣ ಬಂದದ್ದು ಒಬ್ಬ ಅತಿಥಿಯಿಂದ. 18ನೇ ಶತಮಾನದ ಕೊನೆಯ ಭಾಗದಲ್ಲಿ ಸ್ವೀಡನ್ನಿನ ದೊರೆ ಮೂರನೆಯ ಗುಸ್ತಾವ್ ಬರುತ್ತಾನೆಂದು ಸುದ್ದಿಯಾಯಿತು. ಆಗ ಫಿನ್ಲೆಂಡ್ ಸ್ವೀಡನ್ನಿನ ಭಾಗ. ಬೂದುಬೂದಾಗಿ ನಿಂತಿದ್ದ ಹಲಗೆ ಗೋಡೆಗಳಿಗೆಲ್ಲ ಕೆಂಪು ಬಳಿದು ಅರಸನನ್ನು ಬರಮಾಡಿಕೊಂಡರು ಎಂದು ಊರು ಈಗಲೂ ಹೇಳಿಕೊಳ್ಳುತ್ತದೆ.

ಇದನ್ನು ಓದಿ ನನಗೆ ಎಲ್ಲಿಲ್ಲದ ಆಪ್ತತೆ ಹುಟ್ಟಿತು. ಮಂತ್ರಿಗಳು ಬರುತ್ತಾರೆಂದರೆ ಹಿಂದಿನ ರಾತ್ರಿ ಡಾಂಬರು ಬೀಳುವ, ರಸ್ತೆ ವಿಭಜಕಕ್ಕೆ ಸುಣ್ಣ ಹಚ್ಚುವ ನಾಡಿನವನು ನಾನು. ನಮ್ಮ ತಾಲ್ಲೂಕಿನ ಒಂದು ರಸ್ತೆಯ ಮೂರು ಕಿಲೋಮೀಟರು ಮಾತ್ರ ಚೆನ್ನಾಗಿದೆ. ಅದು ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ ಮಾತ್ರ ಮುಖ್ಯಮಂತ್ರಿಗಳು ಬಂದಿದ್ದರು. ವ್ಯತ್ಯಾಸ ಒಂದೇ. ಪೊರ್ವೋದವರು ಅರಸ ಹೋದ ಮೇಲೂ ಬಳಿಯುವುದನ್ನು ನಿಲ್ಲಿಸಲಿಲ್ಲ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಬಳಿದರು.

ಗೋದಾಮುಗಳ ನಡುವಿನ ಸಂದಿಯೊಂದರಲ್ಲಿ ಹೊಳೆಗೆ ಇಳಿಯುವ ಮೆಟ್ಟಿಲು ಕಂಡಿತು. ಗೋಡೆಗೆ ಮೊಣಕೈ ಊರಿ ಬಹಳ ಹೊತ್ತು ನೀರು ನೋಡುತ್ತ ನಿಂತೆ. ಎರಡು ಬಾತುಕೋಳಿ, ಕಟ್ಟಿಹಾಕಿದ ಒಂದು ದೋಣಿ, ಅದರಲ್ಲಿ ಮಳೆನೀರು. ಹೊರಟಾಗ ಬೆಂಚಿನ ಮೇಲೆ ಕೂತಿದ್ದ ಮುದುಕಿಯೊಬ್ಬರು ಏನೋ ಹೇಳಿ ನನ್ನ ತೋಳಿನ ಕಡೆ ಬೆರಳು ಮಾಡಿದರು. ನೋಡಿದರೆ ಬೂದು ಜಾಕೆಟ್ಟಿನ ಬಲಗೈಯ ಮೊಣಕೈಯಿಂದ ಮುಂಗೈಯವರೆಗೆ ಇಟ್ಟಿಗೆಯ ಪುಡಿ ಮೆತ್ತಿದ ಹಾಗೆ ಕೆಂಪು. ಕಾಗದದ ಕರವಸ್ತ್ರ ಕೊಟ್ಟರು. ಒರೆಸಿದಷ್ಟೂ ಹರಡಿತು. ಅವರು ಗೋಡೆ ತೋರಿಸಿ ಒಂದು ಪದ ಹೇಳಿದರು: ‘ಪುನಮುಲ್ತ’.

ಮೊಬೈಲು ತೆರೆದು ಹುಡುಕಿದೆ. ಪುನ ಎಂದರೆ ಕೆಂಪು, ಮುಲ್ತ ಎಂದರೆ ಮಣ್ಣು. ಕೆಮ್ಮಣ್ಣು! ಸಮಾಸ ಬಿಡಿಸಿದರೂ ಅದೇ, ಕೂಡಿಸಿದರೂ ಅದೇ.

ಈ ಬಣ್ಣದ ತಯಾರಿಕೆಯನ್ನು ಆಮೇಲೆ ಅಲ್ಲಿಯೇ ಕೂತು ಓದಿದೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಕಬ್ಬಿಣದ ಸಲ್ಫೇಟು ಹಾಕಿ, ರೈ ಧಾನ್ಯದ ಹಿಟ್ಟು ಕದಡಿ, ಅದು ಅಂಬಲಿಯ ಹದಕ್ಕೆ ಬಂದ ಮೇಲೆ ಕಬ್ಬಿಣದ ಅಂಶವಿರುವ ಕೆಂಪು ಮಣ್ಣಿನ ಪುಡಿ ಸೇರಿಸಿ ಗಂಟೆಗಟ್ಟಲೆ ತಿರುವುತ್ತಾರೆ. ಸ್ವೀಡನ್ನಿನ ಫಾಲುನ್ ತಾಮ್ರದ ಗಣಿಯ ಕಸದಿಂದ ಬಂದ ಕೆಂಪು ಹೆಸರುವಾಸಿ. ಹಿಟ್ಟೇ ಅಂಟು. ಇದು ಎಣ್ಣೆ ಬಣ್ಣದಂತೆ ಮರದ ಮೇಲೆ ಪೊರೆ ಕಟ್ಟುವುದಿಲ್ಲ. ಮರ ಉಸಿರಾಡುತ್ತಲೇ ಇರುತ್ತದೆ, ಒಳಗಿನ ತೇವ ಹೊರಗೆ ಹೋಗುತ್ತದೆ. ಅದಕ್ಕೇ ಈ ಬಣ್ಣ ಚಕ್ಕೆ ಏಳುವುದಿಲ್ಲ, ವರ್ಷವರ್ಷಕ್ಕೆ ಪುಡಿಪುಡಿಯಾಗಿ ಉದುರುತ್ತದೆ. ಮತ್ತೆ ಬಳಿಯುವ ಮುನ್ನ ಕೆರೆಯಬೇಕಾಗಿಲ್ಲ, ಪೊರಕೆಯಿಂದ ಗುಡಿಸಿದರೆ ಸಾಕು. ಆ ಉದುರುವ ಪುಡಿಯ ಒಂದು ಪಾಲು ಈಗ ನನ್ನ ತೋಳಿನ ಮೇಲಿತ್ತು.

ಮಲೆನಾಡಿನ ಸಾಗರದ ಕಡೆ ನಮ್ಮ ಮನೆಯ ಎದುರಿನ ದೀವರ ಮನೆಯಲ್ಲಿ ಗೋಡೆಗೆ ಕೆಮ್ಮಣ್ಣು ಬಳಿಯುತ್ತಿದ್ದುದು ನೆನಪಾಯಿತು. ಮದುವೆ ಗೊತ್ತಾದರೆ ಮೊದಲು ಗೋಡೆ ತಯಾರಾಗಬೇಕು. ಮಣ್ಣು ಸೋಸಿ, ಕದಡಿ, ಕೈಯಲ್ಲೇ ಬಳಿದು, ಒಣಗಿದ ಮೇಲೆ ಅರೆದ ಅಕ್ಕಿಯ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಎಳೆಯುತ್ತಿದ್ದರು. ಆ ಗೋಡೆಗೆ ಒರಗಿ ಕೂತು ಶಾಲೆಗೆ ಹೋದರೆ ಬಿಳಿ ಅಂಗಿಯ ಬೆನ್ನು ನೋಡಿ ಮೇಷ್ಟರು ‘ಎಲ್ಲಿ ಊಟ ಮಾಡಿ ಬಂದೆ’ ಎಂದು ಕೇಳುತ್ತಿದ್ದರು. ಅಲ್ಲಿ ಅಕ್ಕಿ, ಇಲ್ಲಿ ರೈ. ಊರಿನಲ್ಲಿ ಏನು ಬೆಳೆಯುತ್ತದೋ ಅದರಲ್ಲಿ ಒಂದು ಹಿಡಿ ಗೋಡೆಗೆ.

ಹಳೆಯ ಊರಿನ ಓಣಿಗಳು ಗುಡ್ಡದ ಮೇಲಿನ ಚರ್ಚಿನ ಕಡೆಗೆ ಏರುತ್ತವೆ. ದುಂಡುಕಲ್ಲಿನ ನೆಲ, ನಡೆಯುವಾಗ ಕಣ್ಣು ಕಾಲಿನ ಮೇಲೇ ಇರಬೇಕು, ಹಾಗಾಗಿ ಮನೆಗಳನ್ನು ನೋಡಬೇಕೆಂದರೆ ನಿಲ್ಲಲೇಬೇಕು. ಅವಸರದವರಿಗೆ ಇದು ತಕ್ಕ ಶಾಸ್ತಿ. ಬೀದಿಯ ಹೆಸರುಗಳು ಎರಡೆರಡು ಸಲ ಇರುತ್ತವೆ, ಮೇಲೆ ಫಿನ್ನಿಶ್, ಕೆಳಗೆ ಸ್ವೀಡಿಶ್. ‘ಯೊಕಿಕತು’ ಎಂದರೂ ಹೊಳೆಬೀದಿ, ‘ಓಗಾತನ್’ ಎಂದರೂ ಹೊಳೆಬೀದಿ. ಊರಿಗೇ ಎರಡು ಹೆಸರು. ಸ್ವೀಡಿಶ್‌ನಲ್ಲಿ ಇದು ‘ಬೊರ್ಗೋ’, ಕೋಟೆಹೊಳೆ ಎಂದರ್ಥ. ಫಿನ್ಲೆಂಡಿನ ಕಾನೂನಿನ ಪ್ರಕಾರ ಒಂದು ಪುರಸಭೆಯ ವ್ಯಾಪ್ತಿಯಲ್ಲಿ ಅಲ್ಪಸಂಖ್ಯಾತ ಭಾಷೆಯವರು ಶೇಕಡಾ 8 ಇದ್ದರೆ ಅಥವಾ 3,000 ಜನರಿದ್ದರೆ ಅದು ದ್ವಿಭಾಷಿಕ ಊರು. ಇಲ್ಲಿ ಸ್ವೀಡಿಶ್ ಮಾತನಾಡುವವರು ಕಾಲುಭಾಗಕ್ಕಿಂತ ಹೆಚ್ಚಿದ್ದಾರೆ. ನಾಮಫಲಕದಲ್ಲಿ ಕನ್ನಡ ಶೇಕಡಾ 60 ಇರಲೇಬೇಕೆಂದು ಜಗಳವಾಡುವ ಬೆಂಗಳೂರಿನಿಂದ ಬಂದವನು ನಾನು. ಅಳತೆಪಟ್ಟಿ ಇಲ್ಲದೆಯೇ ಪ್ರತಿ ಫಲಕದ ಅಕ್ಷರಗಳ ಎತ್ತರ ಅಳೆದುಬಿಟ್ಟೆ. ಎರಡೂ ಸಮ ಇದ್ದವು.

1760ರಲ್ಲಿ ಈ ಊರಿನ ಮೂರರಲ್ಲಿ ಎರಡು ಪಾಲು ಸುಟ್ಟುಹೋಯಿತು. ಯಾರದೋ ಮನೆಯಲ್ಲಿ ಮೀನಿನ ಸಾರು ಮಾಡುವಾಗ ಹತ್ತಿಕೊಂಡ ಬೆಂಕಿಯಂತೆ. ಹಾಗಿದ್ದರೂ ಇವತ್ತಿಗೂ ಓಣಿಗೊಂದು ಹೋಟೆಲು ಹೊರಗಿನ ಕರಿಹಲಗೆಯಲ್ಲಿ ಮೊದಲ ಸಾಲಿನಲ್ಲೇ ಬರೆದಿಡುವುದು ಮೀನಿನ ಸಾರು. ಊರನ್ನೇ ಸುಟ್ಟ ಅಡುಗೆಯನ್ನು ಬಿಡದ ಈ ನಿಷ್ಠೆಗೆ ಮರ್ಯಾದೆ ಕೊಡಬೇಕೆಂದು ಒಂದು ಬಟ್ಟಲು ತರಿಸಿಕೊಂಡೆ. ಸಾಲ್ಮನ್, ಆಲೂಗಡ್ಡೆ, ಕೆನೆ, ಮೇಲೆ ಸಬ್ಬಸಿಗೆ ಸೊಪ್ಪು. ಖಾರದ ಸುಳಿವಿಲ್ಲ. ಆದರೆ ಆ ಸಬ್ಬಸಿಗೆಯ ವಾಸನೆಗೆ ಮನಸ್ಸು ಸಮಾಧಾನವಾಯಿತು. ಪಕ್ಕದಲ್ಲಿ ಕಪ್ಪು ರೈ ಬ್ರೆಡ್ಡು, ಹುಳಿಹುಳಿಯಾಗಿ, ಹಲ್ಲಿಗೆ ಕೆಲಸ ಕೊಡುವಂಥದ್ದು. ಗೋಡೆಗೆ ಹಾಕಿದ ಹಿಟ್ಟೇ ತಟ್ಟೆಗೂ ಬಂದಿತ್ತು.

ಸುಟ್ಟ ಮೇಲೆ ಜನ ಹಳೆಯ ಓಣಿಗಳ ಮೇಲೆಯೇ ಮತ್ತೆ ಮನೆ ಕಟ್ಟಿದರು. ಬೆಂಕಿಯಿಂದ ಉಳಿದದ್ದು, ಬೆಂಕಿಯ ನಂತರ ಎದ್ದದ್ದು, ಎಲ್ಲವೂ 1830ರ ದಶಕದಲ್ಲಿ ನೆಲಸಮವಾಗಬೇಕಿತ್ತು. ಹೆಲ್ಸಿಂಕಿಯ ಬಿಳಿ ಕೆಥೆಡ್ರಲ್ ಕಟ್ಟಿದ ವಾಸ್ತುಶಿಲ್ಪಿ ಕಾರ್ಲ್ ಲುದ್ವಿಗ್ ಎಂಗೆಲ್ ನೇರ ಬೀದಿಗಳ, ಚೌಕ ಚೌಕ ನಿವೇಶನಗಳ ಹೊಸ ನಕ್ಷೆ ಬರೆದಿದ್ದ. ಜನ ಒಪ್ಪಲಿಲ್ಲ. ಕೊನೆಗೆ ಹೊಸ ಬಡಾವಣೆ ದಕ್ಷಿಣಕ್ಕೆ ಎದ್ದಿತು, ಹಳೆಯದು ಹಾಗೆಯೇ ಉಳಿಯಿತು. ಇವತ್ತು ಹಳೆಯ ಓಣಿಗಳನ್ನು ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. ಅಂದು ಮನೆ ಬಿಡುವುದಿಲ್ಲ ಎಂದು ಹಟ ಹಿಡಿದವರಿಗೆ ಪರಂಪರೆಯ ಕಾಳಜಿಯೇನೂ ಇದ್ದಿರಲಾರದು. ಹಿತ್ತಿಲು, ಬಾವಿ, ಪಕ್ಕದ ಮನೆಯವರೊಡನೆ ಹಳೆಯ ಜಗಳ, ಇವೆಲ್ಲ ಬಿಟ್ಟು ಹೋಗುವುದು ಯಾರಿಗೆ ಬೇಕು?

ಚರ್ಚು ಬೂದುಗಲ್ಲಿನದು, ಎತ್ತರದ ಕಡಿದಾದ ಕಪ್ಪು ಚಾವಣಿ. ಗಂಟೆಗೋಪುರ ಬೇರೆಯಾಗಿ ಪಕ್ಕದಲ್ಲಿ ನಿಂತಿದೆ. 2006ರ ಮೇ 29ರಂದು 18 ವರ್ಷದ ಯುವಕನೊಬ್ಬ ಹಚ್ಚಿದ ಬೆಂಕಿಯಲ್ಲಿ ಆ ಚಾವಣಿ ಪೂರ್ತಿ ಸುಟ್ಟು ಕುಸಿದಿತ್ತು. ಅದರ ಕೆಳಗಿನ ಕಮಾನು ಮಾತ್ರ ಜಗ್ಗಲಿಲ್ಲ, ಹಾಗಾಗಿ ಒಳಗಿನದೆಲ್ಲ ಉಳಿಯಿತು. ಎರಡು ವರ್ಷ ದುರಸ್ತಿ ಮಾಡಿ 2008ರಲ್ಲಿ ಮತ್ತೆ ಬಾಗಿಲು ತೆರೆದರು. ಒಳಗೆ ಕೂತಾಗ ನನ್ನ ಕಣ್ಣು ಮತ್ತೆ ಮತ್ತೆ ಆ ಕಮಾನಿನ ಮೇಲೇ ಹೋಗುತ್ತಿತ್ತು. ತಲೆಯ ಮೇಲೆ ಅಷ್ಟು ಹೊತ್ತಿ ಉರಿದರೂ ಕೆಳಗೆ ಬಿಳಿಯಾಗಿಯೇ ಇದ್ದುಬಿಟ್ಟ ಸುಣ್ಣದ ಗೋಡೆ.

ಇಲ್ಲಿಯೇ ಊರಿನ ಎರಡನೆಯ ದೊಡ್ಡ ಅತಿಥಿ ಬಂದದ್ದು. 1809ರ ಮಾರ್ಚಿನಲ್ಲಿ, ಸ್ವೀಡನ್ನಿನಿಂದ ಫಿನ್ಲೆಂಡನ್ನು ಕಿತ್ತುಕೊಂಡ ರಷ್ಯಾದ ಸಾಮ್ರಾಟ ಒಂದನೆಯ ಅಲೆಕ್ಸಾಂಡರ್ ಇದೇ ಚರ್ಚಿನಲ್ಲಿ ನಾಲ್ಕು ವರ್ಗಗಳ ಪ್ರತಿನಿಧಿಗಳನ್ನು ಸೇರಿಸಿ, ನಿಮ್ಮ ಧರ್ಮ, ನಿಮ್ಮ ಕಾನೂನು ನಿಮಗೇ ಇರಲಿ ಎಂದು ಮಾತು ಕೊಟ್ಟ. ಅವರು ನಿಷ್ಠೆಯ ಪ್ರಮಾಣ ಮಾಡಿದರು. ಅಲ್ಲಿಗೆ ಸ್ವೀಡನ್ನಿನ ಸುಮಾರು 600 ವರ್ಷಗಳ ಆಳ್ವಿಕೆ ಮುಗಿಯಿತು. ನೃತ್ಯಕೂಟದಲ್ಲಿ ಆತ ಹುಡುಗಿಯೊಬ್ಬಳ ಜೊತೆ ಕುಣಿದ ಕಥೆಯೂ ಇದೆ. ಆತನ ಕಂಚಿನ ಪ್ರತಿಮೆ ಈಗಲೂ ಚರ್ಚಿನೊಳಗೆ ನಿಂತಿದೆ. ಫಿನ್ಲೆಂಡ್ 1917ರಲ್ಲಿ ಸ್ವತಂತ್ರವಾಯಿತು, ರಷ್ಯಾದ ಜೊತೆ ಆಮೇಲೆ ಯುದ್ಧಗಳಾದವು, ಆದರೂ ಸಾಮ್ರಾಟನನ್ನು ಯಾರೂ ಎಬ್ಬಿಸಿ ಕಳಿಸಿಲ್ಲ. ಬಂದವನು ಬಂದ, ನಿಂತಿದ್ದಾನೆ, ನಿಲ್ಲಲಿ ಎಂಬ ಹಾಗೆ.

ಮಧ್ಯಾಹ್ನ ಎಂಗೆಲ್‌ನ ನೇರ ಬೀದಿಗಳ ಕಡೆ ಇಳಿದು, ಅದೇ ಅಲೆಕ್ಸಾಂಡರನ ಹೆಸರಿನ ರಸ್ತೆಯಲ್ಲಿರುವ ಕವಿ ಯೊಹಾನ್ ಲುದ್ವಿಗ್ ರೂನೆಬೆರ್ಗ್‌ನ ಮನೆಗೆ ಹೋದೆ. ಆತನೂ ಹೊರಗಿನವನೇ, 1837ರಲ್ಲಿ ಶಾಲೆಯ ಅಧ್ಯಾಪಕನಾಗಿ ಬಂದು, 1877ರಲ್ಲಿ ತೀರಿಕೊಳ್ಳುವವರೆಗೆ ಇಲ್ಲೇ ಇದ್ದ. ಫಿನ್ಲೆಂಡಿನ ರಾಷ್ಟ್ರಕವಿ, ರಾಷ್ಟ್ರಗೀತೆಯ ಮೂಲ ಸಾಹಿತ್ಯ ಆತನದು. ಬರೆದದ್ದು ಮಾತ್ರ ಸ್ವೀಡಿಶ್‌ನಲ್ಲಿ. ಜೊತೆಗಿದ್ದ ಫ್ರೆಂಚ್ ದಂಪತಿಗೆ ಇದು ದೊಡ್ಡ ಒಗಟಾಯಿತು. ಮನೆಯಲ್ಲಿ ತಮಿಳು, ಮರಾಠಿ ಆಡುತ್ತ ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದವರ ನಾಡಿನಿಂದ ಬಂದ ನನಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ.

1882ರಿಂದ ಆ ಮನೆ ವಸ್ತುಸಂಗ್ರಹಾಲಯ. ಕವಿಯ ಕೋಣೆಯಲ್ಲಿ ಬಂದೂಕು, ಒಣಗಿಸಿ ತುಂಬಿದ ನರಿಗಳು. ಬೇಟೆಯ ಹುಚ್ಚಿನವನು. 1863ರಲ್ಲಿ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದ. ಮುಂದಿನ ಹದಿಮೂರು ವರ್ಷ ಮಲಗಿದಲ್ಲೇ. ಕಿಟಕಿಯಾಚೆ ಕಾಳು ತಿನ್ನಲು ಬರುವ ಹಕ್ಕಿಗಳನ್ನು ಕನ್ನಡಿಯಲ್ಲಿ ನೋಡುತ್ತಿದ್ದನಂತೆ. ಆ ದಿನಗಳಲ್ಲೇ ವಲಸೆ ಹಕ್ಕಿಗಳ ಬಗ್ಗೆ ಒಂದು ವಿಚಾರ ಬರೆದ: ಅವು ಉತ್ತರಕ್ಕೆ ಬರುವುದು ಆಹಾರಕ್ಕಲ್ಲ, ಬೆಚ್ಚಗಿರಲೂ ಅಲ್ಲ, ಬೆಳಕಿನ ಹಂಬಲಕ್ಕೆ. ಎಲ್ಲಿ ಹಗಲು ಉದ್ದವೋ ಅಲ್ಲಿಗೆ. ವಿಜ್ಞಾನ ಇದನ್ನು ಇದ್ದ ಹಾಗೆ ಒಪ್ಪಲಿಲ್ಲ, ಇರಲಿ. ಬೇಟೆಯಾಡಿ ಬದುಕಿದವನು ಹಾಸಿಗೆಯಿಂದ ಕನ್ನಡಿಯೊಳಗೆ ನೋಡಿ ಕಂಡುಕೊಂಡದ್ದು ಇದು ಎಂಬುದೇ ನನಗೆ ಸಾಕಾಯಿತು.

ಆದರೆ ಆ ಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಂಡತಿ ಫ್ರೆಡ್ರಿಕಾಳ ಕೋಣೆ. ಎಲ್ಲೆಲ್ಲೂ ಕುಂಡ, ಬಳ್ಳಿ, ಹಸಿರು. ಎಂಟು ಮಕ್ಕಳನ್ನು ಹೆತ್ತು, ಹಾಸಿಗೆ ಹಿಡಿದ ಗಂಡನನ್ನು ನೋಡಿಕೊಂಡು, ನಡುವೆ ಸಿಕ್ಕ ಹೊತ್ತಿನಲ್ಲಿ ಬರೆದಳು. ಫಿನ್ಲೆಂಡಿನಲ್ಲಿ ಐತಿಹಾಸಿಕ ಕಾದಂಬರಿ ಬರೆದ ಮೊದಲಿಗರಲ್ಲಿ ಅವಳೂ ಒಬ್ಬಳು. ಊರಿನ ನೆನಪಿನಲ್ಲಿ ಅವಳು ಹೆಚ್ಚಾಗಿ ಉಳಿದಿರುವುದು ಒಂದು ತಿಂಡಿಯಿಂದ. ಬ್ರೆಡ್ಡಿನ ಪುಡಿ, ಬಾದಾಮಿ ಸೇರಿಸಿ ಬೇಯಿಸಿದ ಉದ್ದುರುಳೆಯ ಕೇಕು, ನೆತ್ತಿಯ ಮೇಲೆ ರಾಸ್ಪ್‌ಬೆರಿ ಜಾಮಿನ ಬೊಟ್ಟು, ಸುತ್ತ ಸಕ್ಕರೆಯ ಬಿಳಿ ಉಂಗುರ. ಹೆಸರು ಮಾತ್ರ ಗಂಡನದು: ರೂನೆಬೆರ್ಗ್ ಕೇಕು. ಕವಿಯ ಹುಟ್ಟುಹಬ್ಬವಾದ ಫೆಬ್ರವರಿ 5ಕ್ಕೆ ದೇಶವೆಲ್ಲ ತಿನ್ನುತ್ತದೆ. ಪೊರ್ವೋದಲ್ಲಿ ವರ್ಷವಿಡೀ ಸಿಗುತ್ತದೆ. ಮೊದಲು ಮಾಡಿದವನು ಊರಿನ ಒಬ್ಬ ಮಿಠಾಯಿಗಾರ ಎನ್ನುವವರೂ ಇದ್ದಾರೆ. ಆ ವಾದ ನಿಜವಾದರೆ ಫ್ರೆಡ್ರಿಕಾಳ ಪಾಲಿಗೆ ಕೇಕೂ ಉಳಿಯುವುದಿಲ್ಲ.

ಹಳೆಯ ಮರದ ಮನೆಯ ಕೆಫೆಯೊಂದರಲ್ಲಿ ಅದನ್ನು ತಿಂದೆ. ಮೊದಲ ತುತ್ತಿಗೇ ಒಂದು ವಾಸನೆ ಏರಿತು. ಕೇಳಿದರೆ, ‘ಅರಾಕ್’ ಎಂದರು. ಹಿಂದೆ ಏಷ್ಯಾದಿಂದ ಹಡಗಿನಲ್ಲಿ ಬಂದು ಉತ್ತರ ಯುರೋಪಿನ ಅಡುಗೆಮನೆ ಸೇರಿದ ಪಾನೀಯ ಅದು. ಕರ್ನಾಟಕದಲ್ಲಿ 2007ರಲ್ಲಿ ನಿಷೇಧವಾದ ಸಾರಾಯಿಯ ದೂರದ ದಾಯಾದಿ, ಇಲ್ಲಿ ಕವಿಯ ಹುಟ್ಟುಹಬ್ಬದ ಕೇಕಿನಲ್ಲಿ ಮರ್ಯಾದಸ್ಥನಾಗಿ ಕೂತಿತ್ತು. ಎರಡನೆಯ ಲೋಟ ಕಾಫಿಗೆ ದುಡ್ಡು ಕೇಳಲಿಲ್ಲ. ನಾನು ಮೂರನೆಯದನ್ನೂ ಕುಡಿದೆ.

ಸಂಜೆಗೆ ಊರಿನ ಉತ್ತರಕ್ಕಿರುವ ಲಿನ್ನಮ್ಯಾಕಿ ಹತ್ತಿದೆ. ಕೋಟೆಗುಡ್ಡ ಎಂದರ್ಥ. ಕೋಟೆ ಇಲ್ಲ. ಮರದ ಕೋಟೆ ಎಂದೋ ಹೋಗಿದೆ. ಗುಡ್ಡದ ಸುತ್ತ ತೋಡಿದ ಕಂದಕಗಳಲ್ಲಿ ಈಗ ಪೈನ್ ಮರಗಳು. ಇಲ್ಲದ ಕೋಟೆಯ ಹೆಸರನ್ನು ಊರು ಇನ್ನೂ ಹೊತ್ತುಕೊಂಡಿದೆ. ಪೊದೆಗಳಲ್ಲಿ ಲಿಂಗನ್‌ಬೆರಿ ಕೆಂಪಗಿತ್ತು. ಫಿನ್ಲೆಂಡಿನ ಕಾಡಿನಲ್ಲಿ ಹಣ್ಣು ಆಯಲು ಯಾರಪ್ಪಣೆಯೂ ಬೇಡ, ಜಾಗ ಯಾರದೇ ಇರಲಿ. ‘ಎಲ್ಲರ ಹಕ್ಕು’ ಎಂದೇ ಅದಕ್ಕೆ ಹೆಸರು. ಆದರೂ ಮೊದಲ ಹಣ್ಣು ಕೀಳುವಾಗ ಹಿಂದೆ ತಿರುಗಿ ನೋಡಿದೆ. ಪಕ್ಕದ ತೋಟದ ಪೇರಲೆ ಕಿತ್ತು ಬೆಳೆದ ಅಭ್ಯಾಸ. ಹುಳಿ, ಒಗರು, ನೆಲ್ಲಿಕಾಯಿಯ ಹಾಗೆ ಆಮೇಲೆ ನೀರು ಸಿಹಿಯಾಗುವುದೇನೋ ಎಂದು ಕಾದೆ, ಆಗಲಿಲ್ಲ.

ಒಂದು ಬಂಡೆಯ ಮೇಲೆ ಕೂತೆ. ಗಂಟೆ ಆರೂವರೆ, ಬೆಳಕು ಓರೆಯಾಗಿ ಮರಗಳ ಬುಡಕ್ಕೆ ಬಿದ್ದಿತ್ತು. ತಲೆಯ ಮೇಲೆ ಹೆಬ್ಬಾತುಗಳ ಸಾಲೊಂದು ಗದ್ದಲ ಮಾಡುತ್ತ ದಕ್ಷಿಣಕ್ಕೆ ಹೋಯಿತು. ಕವಿಯ ಮಾತನ್ನು ನಂಬಿದರೆ ಇಲ್ಲಿನ ಬೆಳಕಿನ ದಾಸ್ತಾನು ಮುಗಿಯುತ್ತ ಬಂದಿದೆ ಎಂದರ್ಥ. ಏಳೂ ಕಾಲಿನ ಬಸ್ಸಿದೆ ಎಂದು ಗೊತ್ತಿತ್ತು. ಅದು ತಪ್ಪಿತು. ತಪ್ಪಿಸಿಕೊಂಡೆ ಎನ್ನುವುದು ಹೆಚ್ಚು ಸರಿ.

ಬೆಂಗಳೂರಿಗೆ ಬಂದ ಮೇಲೆ ಜಾಕೆಟ್ಟನ್ನು ಎರಡು ಸಲ ಒಗೆದದ್ದಾಯಿತು. ತೋಳಿನ ಕೆಂಪು ಮಸುಕಾಯಿತೇ ಹೊರತು ಹೋಗಲಿಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡಿರುವ ಇಸ್ತ್ರಿಯವರಿಗೆ ಬಟ್ಟೆಯ ಗಂಟು ಕೊಡಲು ಹೋದೆ. ಸಾಗರದಿಂದ ಬಂದಾಗಲೆಲ್ಲ ನನ್ನ ಪ್ಯಾಂಟಿನ ಅಂಚು ನೋಡಿ ಅಲ್ಲಿ ಮಳೆ ಹೇಗೆ ಎಂದು ವಿಚಾರಿಸುವವರು ಅವರು. ಜಾಕೆಟ್ಟು ಬಿಡಿಸಿ, ತೋಳನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿದರು.

‘ಊರಿಗೆ ಹೋಗಿದ್ದಿರಾ ಸಾರ್?’

‘ಹೌದು, ಹೋಗಿದ್ದೆ’ ಎಂದೆ.